ದರ್ಜಿ ಅಕ್ಕನ ಶಾಪದ ಬಗ್ಗೆ ದರ್ಜಿ ಅಕ್ಕನದೇ ಅಹವಾಲು

ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಮಾನ್ಯ ಅಧ್ಯಕ್ಷರೇ, ಮಾಜಿ ಗೋಲ್‌ಕೀಪರರೇ,

ಹತ್ತೊಂಬತ್ತು ವರ್ಷಗಳ ಬಳಿಕ ಕಪ್ ಗೆದ್ದ ತಮಗೆ, ಅಷ್ಟೂ ವರ್ಷ ತಮ್ಮ ಸೋಲುಗಳನ್ನು ಒಬ್ಬಳೇ ಹೊತ್ತ, ಮೈದಾನದೆದುರಿನ ಹೊಲಿಗೆ ಅಂಗಡಿಯವಳ ತುಂಬುಹೃದಯದ ಅಭಿನಂದನೆಗಳು.

ಹೊಸಬರಿಗಾಗಿ ಹಳೆಯದನ್ನು ನೆನಪಿಸುವುದು ನನ್ನ ಕರ್ತವ್ಯ. ಹತ್ತೊಂಬತ್ತು ವರ್ಷಗಳ ಹಿಂದೆ, ತಾವು ಗೋಲ್‌ಕೀಪರರಾಗಿದ್ದಾಗ, ತಂಡದ ಹನ್ನೊಂದು ಚಡ್ಡಿಗಳನ್ನು ಹೊಲಿದವಳು ನಾನು. ಹತ್ತು ಮಂದಿ ಬಂದು ಅಳತೆ ಕೊಟ್ಟರು, ತಾವು ಮಾತ್ರ "ಹೋದ ವರ್ಷದ ಅಳತೆಯೇ ಸಾಕು, ನಾನೇನು ದಪ್ಪ ಆಗಿದ್ದೀನಾ?" ಎಂದಿರಿ. "ಬಗ್ಗಿದ್ರೆ ಹರಿಯುತ್ತಪ್ಪಾ" ಎಂದೆ. ಫೈನಲ್ಲಿನ ಕೊನೆಯ ನಿಮಿಷದಲ್ಲಿ ತಾವು ಬಗ್ಗಿದಿರಿ, ಅದು ಹರಿಯಿತು, ತಾವು ಎರಡೂ ಕೈಗಳಿಂದ ಹಿಂಭಾಗದ ಮಾನ ಕಾಪಾಡಿಕೊಳ್ಳುತ್ತಿದ್ದಾಗ ಚೆಂಡು ಯಾರ ಅಡ್ಡಿಯೂ ಇಲ್ಲದೆ ಬಲೆ ಸೇರಿತು. ಸಂಜೆಯ ಹೊತ್ತಿಗೆ ನನ್ನ ಮಾತು ಶಾಪವಾಗಿತ್ತು. ಈಗ ಕೇಳಿದರೆ, ನಾನು ತಲೆ ಕೆದರಿಕೊಂಡು ಮೈದಾನದ ನಡುವೆ ನಿಂತು ಕತ್ತರಿಯನ್ನು ನೆಲಕ್ಕೆ ಬಡಿದಿದ್ದೆನಂತೆ! ಸೊಂಟದ ಸುತ್ತಳತೆಯನ್ನು ಪುರಾಣ ಮಾಡಿದ ತಮ್ಮ ಪ್ರತಿಭೆಗೆ ನಮೋ ನಮಃ.

ಅಂದಿನಿಂದ ಪೆನಾಲ್ಟಿ ಕಂಬಕ್ಕೆ ಬಡಿದರೂ ನಾನೇ ಕಾರಣ, ನಮ್ಮವನೇ ನಮ್ಮ ಗೋಲಿಗೆ ಹೊಡೆದರೂ ನಾನೇ ಕಾರಣ. ಅಷ್ಟು ಶಕ್ತಿ ಇದ್ದಿದ್ದರೆ ಮೊದಲು ನನ್ನ ಮಷಿನ್ನಿನ ದಾರ ಕಡಿಯುವುದನ್ನು ನಿಲ್ಲಿಸಿಕೊಳ್ಳುತ್ತಿದ್ದೆ. ನಗುತ್ತಲೇ ಇದ್ದೆ, ಪಕ್ಕದ ಮನೆಯಾಕೆ ಬಂದು "ಬೇಜಾರು ಮಾಡ್ಕೋಬೇಡಿ ಅಕ್ಕಾ, ಮಗಳ ಮದುವೆ ಬಟ್ಟೆ ಬೇರೆ ಕಡೆ ಕೊಟ್ಟೆ, ಶುಭಕಾರ್ಯ ನೋಡಿ" ಎನ್ನುವ ತನಕ. ಆ ಹುಡುಗಿಯ ಮೊದಲ ಫ್ರಾಕು ಹೊಲಿದ ಕೈ ಇದು. ಅಂದು ಬಾಗಿಲೆಳೆದುಕೊಂಡು ಅತ್ತೆ. ಆಮೇಲೆ ನನ್ನ ಪಾಲಿಗೆ ಉಳಿದದ್ದು ಕೆಟ್ಟ ಜಿಪ್ಪು, ದಿಂಬಿನ ಕವರು.

ಈ ಸಲ ಫೈನಲ್ಲಿನ ದಿನ ನಾನು ಊರಲ್ಲಿರಬಾರದೆಂದು ತಮ್ಮ ಸಮಿತಿಯವರು ಬಸ್ ಟಿಕೆಟ್ಟಿನೊಡನೆ ಬಂದು ಕೈಮುಗಿದರು. ಹತ್ತಿದೆ. ಮುಂದಿನ ಸ್ಟಾಪಿನಲ್ಲಿ ಇಳಿದೆ. ಶಾಲು ಹೊದ್ದು, ಮೂರನೆಯ ಸಾಲಿನಲ್ಲಿ, ತಮ್ಮ ಬೆನ್ನ ಹಿಂದೆಯೇ ಕೂತೆ. ಗೆಲುವಿನ ಗೋಲು ಬಿದ್ದಾಗ ಎಲ್ಲರಿಗಿಂತ ಜೋರಾಗಿ ಕಿರುಚಿದವಳು ನಾನೇ. ಗಂಟಲು ಇನ್ನೂ ಸರಿಹೋಗಿಲ್ಲ. ಮರುದಿನ ತಾವು ಮೈಕು ಹಿಡಿದು, "ಅಕ್ಕ ಊರು ಬಿಟ್ರು, ನಾವು ಗೆದ್ವಿ, ಇನ್ನು ಪ್ರತಿ ವರ್ಷ ಕಳಿಸ್ತೀವಿ" ಎಂದು ಚಪ್ಪಾಳೆ ಗಿಟ್ಟಿಸಿದಿರಿ.

ಆದುದರಿಂದ ನನ್ನ ನಮ್ರ ವಿನಂತಿ: ನಾನು ಮೈದಾನದಲ್ಲೇ ಇದ್ದೆನೆಂದು ಅದೇ ಮೈಕಿನಲ್ಲಿ ಸಾರಿ; ಅದು ಕಷ್ಟವಾದರೆ ಕಪ್ಪನ್ನು ದಯವಿಟ್ಟು ಹಿಂದಿರುಗಿಸಿ, ನಾನು ನಿಜವಾಗಿಯೂ ಊರಲ್ಲಿಲ್ಲದ ದಿನ ನೋಡಿ ಪಂದ್ಯವನ್ನು ಇನ್ನೊಮ್ಮೆ ಗೆದ್ದು ತೋರಿಸಿ.

ಶಾಪ ಹಾಕಲೂ ಬಾರದ, ತೆಗೆಯಲೂ ಬಾರದ
ತಮ್ಮ ವಿಶ್ವಾಸಿ,
ದರ್ಜಿ ಅಕ್ಕ

ತಾ.ಕ.: ತಮ್ಮ ಮನೆಗೆ ಸೊಸೆಯಾಗಿ ಬರಲಿರುವ ಹುಡುಗಿ ನಿನ್ನೆ ಅಂಗಡಿಗೆ ಬಂದು ಮದುವೆ ಬಟ್ಟೆಗೆ ಅಳತೆ ಕೊಟ್ಟುಹೋದಳು. "ಮಾವನಿಗೆ ನೀವೇ ಹೇಳಿಬಿಡಿ ಅಕ್ಕಾ, ನಂಗೆ ನಗು ತಡೆಯೋಕಾಗಲ್ಲ" ಎಂದಳು. ಹೇಳಿದ್ದೇನೆ.