ಡ್ರಮ್ಮಿಗೊಂದು ಆರತಿ

ನಾವು ಮುಂಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಭದ್ರವಾಗಿ ಕೂತಿದ್ದರೆ ಅಪಾಯ ಹಿತ್ತಿಲಿಂದ ಬರುತ್ತದೆ. ಈಗಲೂ ಕರ್ಪೂರದ ವಾಸನೆ ಬಂದರೆ ನಾನು ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತೇನೆ. ದೇವಸ್ಥಾನದಲ್ಲಿ ಜನ ಅದನ್ನು ಭಕ್ತಿಯೆಂದು ತಿಳಿದು ನನಗೆ ಜಾಗ ಬಿಡುತ್ತಾರೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು, ನಲ್ಲಿಯಲ್ಲಿ ನೀರಿಗಿಂತ ಗಾಳಿ ಹೆಚ್ಚು. ಬಂದ ನೀರನ್ನು ಹಿಡಿದಿಡಲು ದೊಡ್ಡದೊಂದು ಡ್ರಮ್ಮು ಬೇಕೆಂದು ಅಮ್ಮ ದಿನವೂ ಹೇಳುತ್ತಿದ್ದಳು. ನಮ್ಮ ಹಿಂದಿನ ಭಾಗದಲ್ಲಿ ಬಾಡಿಗೆಗಿದ್ದ ಧಾರವಾಡದ ಕಡೆಯ ಬಸವರಾಜ ಯಶವಂತಪುರದ ಗುಜರಿಯಿಂದ ಒಂದನ್ನು ತಂದ. ಹಿಂದೆ ಬಣ್ಣಕ್ಕೆ ಬೆರೆಸುವ ಥಿನ್ನರ್ ತುಂಬಿದ್ದ, ಈಗ ಖಾಲಿಯಾದ ಕಬ್ಬಿಣದ ಡ್ರಮ್ಮು. ಮೇಲೆ ಬಿರಡೆಯ ಸಣ್ಣ ತೂತು ಬಿಟ್ಟರೆ ಪೂರ್ತಿ ಮುಚ್ಚಿದ್ದು. ಆ ಮೇಲಿನ ತಗಡನ್ನು ಕತ್ತರಿಸಿ ತೆಗೆಯಬೇಕಿತ್ತು.

ಯಾವುದರಿಂದ ಎಂಬುದೇ ಚರ್ಚೆ. ಬಸವರಾಜ ಕಾರ್ಖಾನೆಯವನೇನೋ ಹೌದು, ಆದರೆ ಹಾಜರಿ ಬರೆಯುವ ಟೈಂ ಆಫೀಸಿನವನು. ಯಂತ್ರಗಳನ್ನು ಕಿಟಕಿಯಿಂದ ನೋಡಿಯೇ ಪಂಡಿತನಾದವನು. ನಾನು ತಗಡು ಕತ್ತರಿ ಎಂದೆ. "ಅದು ಎಣ್ಣಿ ಡಬ್ಬಿಗೆ ಸರ. ಇಷ್ಟ ದಪ್ಪ ತಗಡ ಕಚ್ಚಿದ್ರ ಅದರ ಹಲ್ಲ ಬೀಳ್ತಾವ," ಎಂದ. ಗರಗಸ? "ಅದರ ಚೌಕಟ್ಟು ಅಂಚಿಗೆ ಬಡೀತದ, ಮುಂದ ಹೋಗಂಗಿಲ್ಲ. ಉಳಿ, ಸುತ್ತಿಗಿ ಸಾಕು."

ಉಳಿ ಎಂದೊಡನೆ ನನ್ನ ಕಣ್ಣಿಗೆ ತುಂಡಾದ ಬೆರಳುಗಳು ಕಂಡವು. ಅಡುಗೆಮನೆಯ ಮಸಿಬಟ್ಟೆಗಳನ್ನು ಅವನ ಕೈಗೆ ಸುತ್ತಿದೆ, ನನ್ನ ಕಪ್ಪು ಕನ್ನಡಕ ಹಾಕಿಸಿದೆ, ಹತ್ತಿ ಮತ್ತು ಟಿಂಚರ್ ಬಾಟಲಿ ಹಿಡಿದು ಜಗಲಿಯಲ್ಲಿ ನಿಂತೆ. "ಏನ್ರಿ ಸರ, ಡ್ರಮ್ಮ ಕೊಯ್ಯಾಕ ಕರದೀರೋ, ನನ್ನ ಕೊಯ್ಯಾಕ ಕರದೀರೋ?" ಎಂದು ನಕ್ಕ.

ಉಳಿ ಹೊಸದು. ಪೂಜೆಯಿಲ್ಲದೆ ಅದರ ಮೊದಲ ಏಟು ಬೀಳುವುದು ಅಮ್ಮನಿಗೆ ಒಪ್ಪಿಗೆಯಿಲ್ಲ. ಬೆಳಗಿನಿಂದ ಅಂಗಳದ ಬಿಸಿಲಲ್ಲಿ ಕಾದು ಬಿಸಿಯಾಗಿದ್ದ ಡ್ರಮ್ಮಿಗೂ ಕುಂಕುಮವಿಟ್ಟಳು. ಉಳಿಯನ್ನು ಅದರ ತಲೆಯ ಮೇಲಿಟ್ಟು, ತೆರೆದ ತೂತಿನ ಪಕ್ಕದಲ್ಲೇ ಕರ್ಪೂರ ಹಚ್ಚಿದಳು. "ಏಯ್ ಬಸವರಾಜ, ಚಪ್ಪಲಿ ಹಾಕ್ಕೊಂಡೇ ನಿಂತಿದ್ದೀಯಲ್ಲೋ! ಗೇಟ್ ಹತ್ರ ಬಿಟ್ಟು ಬಾ." ಅವನು ಹೋದ. "ಅಯ್ಯೋ, ಕಾಯಿ ಒಳಗೇ ಮರ್ತೆ ಕಣೋ," ಎಂದು ಅವಳೂ ಒಳಗೆ ಹೋದಳು.

ಆಮೇಲಿನದನ್ನು ನನ್ನ ಮನಸ್ಸು ಇಂದಿಗೂ ತಿರುಗಿಸಿ ತಿರುಗಿಸಿ ತೋರಿಸುತ್ತದೆ. ಗಾಳಿಗೆ ಜ್ವಾಲೆ ತೂತಿನಿಂದ ಏಳುತ್ತಿದ್ದ ಥಿನ್ನರಿನ ಆವಿಯ ಕಡೆ ಬಾಗಿತು. ಡ್ರಮ್ಮು ದೊಡ್ಡದಾಗಿ ಉಸಿರೆಳೆದುಕೊಂಡಂತೆ ಒಂದು ಸದ್ದು. ಮುಂದಿನದಕ್ಕೆ ಕಿವಿಯೇ ಇರಲಿಲ್ಲ. ನೋಡಿದಾಗ ಡ್ರಮ್ಮು ತನ್ನ ತಳವನ್ನು ನಮಗೆ ಬಿಟ್ಟು, ಮನೆಯ ಮೇಲೆ ಹಾರಿ, ಪಕ್ಕದ ಖಾಲಿ ಸೈಟಿಗೆ ಬೀಳುತ್ತಿತ್ತು. ಉಳಿ ಅಮ್ಮ ನಿಂತಿದ್ದ ಜಾಗದ ಹಿಂದಿನ ಗೋಡೆಯ ಗಾರೆ ಕಿತ್ತುಹಾಕಿತ್ತು, ಸರಿಯಾಗಿ ಅವಳ ಎದೆಯ ಎತ್ತರದಲ್ಲಿ.

"ಜಕ್ಕೂರು ಏರೋಡ್ರೋಮಿನ ವಿಮಾನ ಬಿತ್ತೇನ್ರೀ?" ಎಂದು ಕಾಂಪೌಂಡಿನಾಚೆಯಿಂದ ಯಾರೋ ಕೂಗಿದರು.

ಅಮ್ಮ ಕಾಯಿ ಹಿಡಿದು ಬಾಗಿಲಲ್ಲಿದ್ದಳು. ಗೇಟಿನ ಹತ್ತಿರ ಬಸವರಾಜ, ಕೈಯಲ್ಲಿ ಒಂದು ಚಪ್ಪಲಿ. ಇಬ್ಬರ ಕೂದಲೂ ಕೊಂಕಿರಲಿಲ್ಲ. ಅಲ್ಲಿ ರಕ್ತ ಸುರಿಯುತ್ತಿದ್ದದ್ದು ನನಗೊಬ್ಬನಿಗೇ: ಟಿಂಚರ್ ಬಾಟಲಿ ಕಾಲ ಮೇಲೆ ಬಿದ್ದು ಒಡೆದಿತ್ತು. ಗಾಯ, ಔಷಧಿ ಎರಡೂ ಒಟ್ಟಿಗೇ ಆದಂತಾಯಿತು.

"ಪೂಜೆ ಮಾಡಿದ್ದಕ್ಕೇ ಉಳಿದ್ವಿ ನೋಡು," ಎಂದಳು ಅಮ್ಮ. ಪೂಜೆ ಮಾಡಿದ್ದಕ್ಕೇ ಸಿಡಿದದ್ದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕಾಯಿ ಕೆಳಗಿಟ್ಟು, ನನ್ನ ಕೈಯ ಹತ್ತಿ ಕಿತ್ತುಕೊಂಡು ಕಾಲಿಗೆ ಒತ್ತಿದಳು.

ಈಗ ನಮ್ಮಲ್ಲಿ ಸ್ಕೂಟರಿದೆ. ಆಯುಧಪೂಜೆಯ ಬೆಳಿಗ್ಗೆ ಯಾರಿಗೂ ಕಾಣದಂತೆ ತೆಂಗಿನಕಾಯಿಯನ್ನು ಅಡುಗೆಮನೆಯ ಅಟ್ಟಕ್ಕೆ ಸೇರಿಸುತ್ತೇನೆ. ಕರ್ಪೂರ ಹಚ್ಚಿದ ಮೇಲೆ ಅಮ್ಮ ತನ್ನ ಮರೆವನ್ನು ಬೈದುಕೊಳ್ಳುತ್ತ ಒಳಗೆ ಹುಡುಕಲು ಹೋಗುತ್ತಾಳೆ. ಡಿಗ್ರಿ ಓದಿದವನು ನಾನು, ದೇವರ ವಿಷಯದಲ್ಲಿ ನನಗೆ ಇನ್ನೂ ಅನುಮಾನಗಳಿವೆ. ಅವಳು ಹೊಸಿಲು ದಾಟಿದೊಡನೆ ನಾನೂ ಗೇಟಿನ ಕಡೆ ಬಿರಬಿರನೆ ನಡೆಯುತ್ತೇನೆ. ಯಾರಾದರೂ ಕೇಳಿದರೆ, ಬರಿಗಾಲಲ್ಲಿದ್ದರೂ, ಚಪ್ಪಲಿ ಬಿಡಲು ಎನ್ನುತ್ತೇನೆ.