ಐವತ್ತೊಂದು ರೂಪಾಯಿ ಫರಕು

ತ್ರಿಶಲಾ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಾಗಲೇ ಜಯಪಾಲ ಚಪ್ಪಲಿ ಮೆಟ್ಟಿ ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನು ಕಂಪ್ಯೂಟರಿನ ಮುಂದಿಂದ ಏಳಲಿಲ್ಲ.

"ಅರ್ಧಾ ತಾಸು ತಡಿ. ಲೆಕ್ಕ ಹೊಂದಿಸಿ ಹೋಗೂಣು."

"ಗೋಕಾಕದ ಅಂಗಡ್ಯಾಂವ ಇವತ್ತ ಸಂಜೀತನಾ ಅಷ್ಟs ಹಳೇ ರೇಟು ಅಂದಾನ್ರಿ. ನಾಳಿಯಿಂದ ಏಳ್ನೂರು ಹೆಚ್ಚ."

"ಸಂಜಿ ಆಗಾಕ ಇನ್ನೂ ಭಾಳ ಹೊತ್ತ ಐತಿ."

ಅಂಗಡಿಯಲ್ಲಿ ಅವಳಿಗಾಗಿ ಕಾದಿದ್ದದ್ದು ಹೊಲಿಗೆ ಮಷೀನು. ಎರಡು ವರ್ಷ ಓಣಿಯ ಹೆಂಗಸರ ಸೀರೆಗೆಲ್ಲ ಕೈಯಿಂದಲೇ ಫಾಲ್ ಹಚ್ಚಿ ಅವಳು ನಾಲ್ಕೂವರೆ ಸಾವಿರ ಕೂಡಿಹಾಕಿದ್ದಳು. ಅವಳ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿತ್ತು.

ಜಯಪಾಲ ಕೊಣ್ಣೂರಿನ ಒಂದು ಸೊಸೈಟಿಯಲ್ಲಿ ಕ್ಯಾಶಿಯರ್. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನ ಗಲ್ಲಾದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಆಗಿರಲಿಲ್ಲ. ಅದೊಂದೇ ಅವನ ಹೆಮ್ಮೆ, ಅದೊಂದೇ ಅವನ ರೋಗ. ಎರಡು ಸಾವಿರದ ಮೂರನೇ ಇಸವಿಯಲ್ಲಿ ಮುಚ್ಚಿಹೋದ ಕಂಪ್ಯೂಟರ್ ಕ್ಲಾಸಿನಿಂದ ಅಗ್ಗಕ್ಕೆ ತಂದ ಯಂತ್ರದಲ್ಲಿ ಮನೆಖರ್ಚು ಬರೆದಿಡುವ ಸಾಫ್ಟ್‌ವೇರ್ ಸಿಕ್ಕಾಗ ಆ ರೋಗ ಮನೆಗೂ ಬಂತು.

ಅವನ ತಾಯಿ ಜಿನ್ನವ್ವನ ಪದ್ಧತಿ ಅದಕ್ಕಿಂತ ಹಳೆಯದು. ಅಡುಗೆಮನೆಯ ಗೋಡೆಯ ಮಾಡದಲ್ಲಿ ನಾಲ್ಕು ಡಬ್ಬಿ: ಕಿರಾಣಿಗೊಂದು, ಮೊಮ್ಮಗಳ ಸಾಲಿ ಫೀಗೊಂದು, ಸೊಸೆಯ ಮಷೀನಿಗೊಂದು, ದೇವರಿಗೊಂದು. ದೇವರ ಡಬ್ಬಿಯಲ್ಲಿದ್ದದ್ದು ಬಸದಿಯ ಅಭಿಷೇಕದ ಹರಾಜಿನ ಸವಾಲಿನಲ್ಲಿ ಅವಳು ಕೂಗಿದ ಎರಡು ಸಾವಿರದ ಐವತ್ತೊಂದು. ಅವ್ವ ಹೇಳಿದ ಹಾಗೆ ಜಯಪಾಲ ನಾಲ್ಕೂ ಡಬ್ಬಿಯ ಹೆಸರು, ಹಣ ಎಲ್ಲ ಕಂಪ್ಯೂಟರಿಗೆ ತುಂಬಿದ್ದ. ಒಟ್ಟು ಎಂಟು ಸಾವಿರದ ಏಳುನೂರ ಅರವತ್ತು. ಈಗ ಕೈಯಲ್ಲಿರುವ ನಗದು ಎಣಿಸಿ ಅದರ ಬಾಜೂ ಬರೆದರೆ ಎರಡೂ ಹೊಂದಬೇಕು.

ಅವ್ವ ಬಸದಿಗೆ ಹೋಗಿದ್ದಳು. ಅವನು ಡಬ್ಬಿಗಳನ್ನು ಪಡಸಾಲೆಗೆ ತಂದು ಕಿರಾಣಿಯದನ್ನು ಎಣಿಸತೊಡಗಿದ. ಆರುನೂರಕ್ಕೆ ಬರುವಷ್ಟರಲ್ಲಿ ಪಕ್ಕದ ಮನೆಯ ಶೆಟ್ಟೆವ್ವ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದು, ರೊಕ್ಕ ಕಂಡು ಅಲ್ಲೇ ಕೂತಳು. ಎಣಿಕೆ ತಪ್ಪಿತು. ಮತ್ತೆ ಶುರುಮಾಡಿದ. ಈ ಸಲ ಎದುರುಮನೆಯ ಲಗಮಣ್ಣ ಬಂದ. ಕಬ್ಬು ತೂಗುವ ಕಾಟಾದ ಮೇಲೆ ಮೂವತ್ತು ವರ್ಷ ದುಡಿದು ರಿಟೈರ್ ಆದವನು.

"ಏನಪಾ ಜಯಪಾಲ, ಒಂದೊಂದ ಡಬ್ಬಿ ಎಣಸಾಕತ್ತಿಯಲ್ಲ? ನಾವು ಒಂದೊಂದ ಕಬ್ಬು ತೂಗತಿದ್ವೇನು? ಪೂರಾ ಗಾಡೀನs ಕಾಟಾಕ್ಕ ಹಚ್ಚತಿದ್ವಿ. ಎಲ್ಲಾ ಒಮ್ಮಿಗೇ ಸುರದ ಎಣಸು."

ಕ್ಯಾಶಿಯರನಿಗೆ ಈ ಮಾತು ಹಿಡಿಸಿತು. ಸೊಸೈಟಿಯ ಗಲ್ಲಾದಲ್ಲಿ ಯಾರ ನೋಟು ಯಾವುದು ಅಂತ ಯಾರು ನೋಡುತ್ತಾರೆ? ಜಮಖಾನದ ಮೇಲೆ ನಾಲ್ಕೂ ಡಬ್ಬಿ ಸುರಿದ, ನೂರರದ್ದು, ಐವತ್ತರದ್ದು, ಹತ್ತರದ್ದು ಬೇರೆ ಬೇರೆ ಕಟ್ಟು ಮಾಡಿ, ಚಿಲ್ಲರೆ ಕೂಡಿಸಿ ಎಣಿಸಿದ. ಎಂಟು ಸಾವಿರದ ಏಳುನೂರ ಒಂಬತ್ತು. ಮತ್ತೆ ಎಣಿಸಿದರೂ ಅಷ್ಟೇ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಐವತ್ತೊಂದು ರೂಪಾಯಿ ಫರಕು ಮೂಡಿತು.

"ಐವತ್ತೊಂದಕ್ಕ ಯಾಕ ತಲಿ ಕೆಡಿಸ್ಕೊಂತೀರಿ? ಬರ್ರಿ, ಬಸ್ಸ ಹೋಗತೈತಿ," ಎಂದಳು ತ್ರಿಶಲಾ.

"ಐವತ್ತೊಂದಲ್ಲ, ಐವತ್ತೊಂದು ಪೈಸೆ ಫರಕ ಇದ್ರೂ ನಾ ಏಳೂದಿಲ್ಲ."

ಮೂರನೆಯ ಸಲ ಎಣಿಸುತ್ತಿದ್ದಾಗ ಜಿನ್ನವ್ವ ಒಳಗೆ ಬಂದಳು. ಜಮಖಾನ ನೋಡಿದಳು, ಖಾಲಿ ಡಬ್ಬಿ ನೋಡಿದಳು.

"ದೇವರ ನೋಟು ಎಲ್ಲಿ ಅದಾವೊ?"

"ಇದರಾಗs ಅದಾವವ್ವ. ಎರಡ ಸಾವಿರದ ಐವತ್ತೊಂದು ತಗದ ಕೊಡತೇನಿ."

"ಯಾವ ನೋಟು ದೇವರದು ಅಂತ ನಿನ್ನ ಕಂಪ್ಯೂಟರಿಗೆ ಗೊತ್ತೈತೇನು?"

ಗೊತ್ತಿರಲಿಲ್ಲ. ಜಿನ್ನವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ದೇವರ ಹೆಸರಿಗೆ ತೆಗೆದಿಟ್ಟದ್ದು ನಿರ್ಮಾಲ್ಯ, ಅದರ ಒಂದು ರೂಪಾಯಿ ಹೊಟ್ಟೆಗೆ ಹೋದರೂ ಪಾಪ ಮಕ್ಕಳಿಗೆ ತಟ್ಟುತ್ತದೆ ಎಂದು ನಂಬಿ ಬಂದ ಜೀವ ಅದು. ಕಡೆಗೆ ಬಸದಿಯ ಪಂಡಿತರನ್ನೇ ಕೇಳೋಣ ಎಂದಾಯಿತು. ಶೆಟ್ಟೆವ್ವ ಮೊಸರಿನ ಬಟ್ಟಲು ಅಲ್ಲೇ ಬಿಟ್ಟು, ತಾನೇ ಕೇಳಿ ಬರುತ್ತೇನೆಂದು ಓಡಿದಳು. ಒಂದು ತಾಸಿನ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದಳು.

"ಪಂಡಿತರು ಸವಾಲಿನ ರೊಕ್ಕ ಅಷ್ಟs ಕೊಟ್ರ ಸಾಕು ಅನ್ನಾಕತ್ತಿದ್ರು. ನಾನs ಬಿಡಲಿಲ್ಲ. ಜಿನ್ನವ್ವನ ಮನಿ ಅಂಥಾದ್ದಲ್ರಿ, ಕೂಡಿದ್ದೆಲ್ಲಾ ದೇವರಿಗೇ ಅಂದೆ. ಮೈಕಿನಾಗ ಹೇಳಿಸಿ, ಬಸದಿ ಬೋರ್ಡಿನ ಮ್ಯಾಲೆ ಬರಸೇ ಬಂದೇನಿ. ಎಂಟು ಸಾವಿರದ ಏಳ್ನೂರಾ ಒಂಬತ್ತು."

ಜಯಪಾಲ ಬಾಗಿಲಿಗೆ ಬಂದು ನೋಡಿದ. ಹೊರಗೆ ದಾರಿಯಲ್ಲಿ ಹೋಗುವವರು ನಿಂತು ಅವನ ಮನೆಗೆ ಕೈ ಮುಗಿಯತೊಡಗಿದ್ದರು. ಬೋರ್ಡಿಗೆ ಏರಿದ್ದನ್ನು ಇಳಿಸುವ ಧೈರ್ಯ ಆ ಊರಲ್ಲಿ ಯಾರಿಗಿದೆ? ತ್ರಿಶಲಾ ಒಳಗೆ ಹೋಗಿ ಒಳ್ಳೆಯ ಸೀರೆ ಬಿಚ್ಚಿ ಮಡಿಚಿಟ್ಟಳು. ಅವಳು ಬೈದಿದ್ದರೆ ಚಲೋ ಇತ್ತು ಎಂದು ಅವನಿಗೆ ಅನ್ನಿಸಿತು.

ಸಂಜೆ ಜಿನ್ನವ್ವ ರೊಕ್ಕವನ್ನೆಲ್ಲ ದೇವರ ಡಬ್ಬಿಯಲ್ಲೇ ತುಂಬಿಕೊಂಡು ಮಗನ ಜೊತೆ ಬಸದಿಗೆ ಹೋದಳು. ಪಂಡಿತರು ಡಬ್ಬಿ ಬೋರಲು ಹಾಕಿ ತಳ ಬಡಿದರು. ನೋಟುಗಳ ಹಿಂದೆ, ತಳಕ್ಕೆ ಹಾಸಿದ್ದ ಕ್ಯಾಲೆಂಡರಿನ ಕಾಗದವೂ ಬಿತ್ತು. ಅದರ ಜೊತೆಗೆ ಮಡಿಚಿದ ಐವತ್ತರ ನೋಟು, ಒಂದು ರೂಪಾಯಿಯ ನಾಣ್ಯ.

"ಡಬ್ಬಿ ಬರಿದಾಗಬಾರದು ಅಂತ ಕಾಗದದ ಕೆಳಗ ಇಟ್ಟಿದ್ದೆ. ನೀ ಕೇಳಿದ್ರ ಹೇಳತಿದ್ದೆ," ಎಂದಳು ಜಿನ್ನವ್ವ.

ಪಂಡಿತರು ಬೋರ್ಡು ಒರೆಸಿ, ಎಂಟು ಸಾವಿರದ ಏಳುನೂರ ಅರವತ್ತು ಎಂದು ತಿದ್ದಿ ಪಾವತಿ ಹರಿದುಕೊಟ್ಟರು. ಒಂದೊಂದೇ ಡಬ್ಬಿ ಎಣಿಸಿದ್ದರೆ ಕಡಿಮೆ ಬಿದ್ದದ್ದು ಯಾವುದರಲ್ಲಿ ಎಂದು ಅಲ್ಲೇ ತಿಳಿಯುತ್ತಿತ್ತು. ಮನೆಯ ತನಕ ಜಯಪಾಲ ಅದನ್ನೇ ಅಂದುಕೊಳ್ಳುತ್ತ ಬಂದ.

ಬಂದವನು ಚಟ ಬಿಡದೆ ಪಾವತಿಯನ್ನು ಕಂಪ್ಯೂಟರಿಗೆ ಏರಿಸಿದ. ನಾಲ್ಕೂ ಡಬ್ಬಿಯ ಮುಂದೆ ಸೊನ್ನೆ, ನಗದಿನ ಮುಂದೆ ಸೊನ್ನೆ, ಫರಕಿನ ಮುಂದೆಯೂ ಸೊನ್ನೆ. ಕೆಂಪಕ್ಷರ ಹೋಗಿ ಹಸಿರು ಬಂದಿತ್ತು. ಹಿಂದೆ ತ್ರಿಶಲಾ ಬಂದು ನಿಂತದ್ದು ಅವನಿಗೆ ಗೊತ್ತಾಯಿತು. ಅವಳ ಕೈಯಲ್ಲಿ ಯಾರದೋ ಸೀರೆ, ಸೂಜಿ ದಾರ ಇತ್ತು.

"ಹೊಂದಿತೇನ್ರಿ?"

"ಹೊಂದಿತು," ಎಂದ, ಅವಳ ಕಡೆ ನೋಡದೆ.

"ಹಂಗಾರ ಬಂದ್ ಮಾಡ್ರಿ. ಕರೆಂಟ್ ಬಿಲ್ಲಿಗೆ ಡಬ್ಬಿ ಇಲ್ಲ."