ನೀಲಾಂಬಿಕೆಯ ಭರತವಿಜಯ

ಕೇಳಿರಯ್ಯಾ ಕಡಲತಡಿಯ ಸಜ್ಜನರೇ! ನಭೋಮಂಡಲಸಂಚಾರಿಗಳಾದ ಉಪಗ್ರಹಗಳು ಬಿಡುವಿಲ್ಲದೆ ಭೂದೇವಿಯ ಪಟ ತೆಗೆಯುತ್ತಿದ್ದ, ಆದರೆ ಮಳೆಗಾಲದ ಮೋಡದ ದೆಸೆಯಿಂದ ಆ ಪಟಗಳೆಲ್ಲ ಹತ್ತಿಮೂಟೆಯಂತೆ ಕಾಣುತ್ತಿದ್ದ ಮಹಾಯುಗದಲ್ಲಿ, ಮಂಗಳೂರಿನ ಒಂದು ಸಂಶೋಧನಾಲಯದಲ್ಲಿ, ಗದಗಸೀಮಾಸಂಭವೆ, ದೂರಸಂವೇದನಶಾಸ್ತ್ರವಿಶಾರದೆ, ಅರ್ಧಪೀತಚಹಾಲೋಟಪಂಕ್ತಿಪರಿವೃತೆಯಾದ ನೀಲಾಂಬಿಕಾ ಹೂಗಾರ ಎಂಬ ವೀರಾಂಗನೆಯು ಪಿಎಚ್‌.ಡಿ. ಎಂಬ ಘೋರ ತಪಸ್ಸಿಗೆ ಕುಳಿತಿದ್ದಳು.

ಹಳೆಯ ಪಟವನ್ನೂ ಹೊಸ ಪಟವನ್ನೂ ಒಂದರ ಮೇಲೊಂದಿಟ್ಟು ಅವಳು ಕಂಡುಹಿಡಿದ ಸತ್ಯ ಭಯಂಕರವಾಗಿತ್ತು: ಮರಳಗುಡ್ಡೆಯ ದಂಡೆಯನ್ನು ಸಮುದ್ರ ನುಂಗಿಬಿಟ್ಟಿದೆ! ಮಧ್ಯಾಹ್ನದ ಸೆಮಿನಾರಿನಲ್ಲಿ ಇದು ಗೆದ್ದರೆ ಮೂರನೆಯ ಅಧ್ಯಾಯ ಮುಗಿಯಿತು. ಸೋತರೆ ಫೆಲೋಶಿಪ್ ನಿಂತು, ಗದಗಿನ ಬಸ್ಸೇ ಗತಿ. ಅಷ್ಟರಲ್ಲಿ ಅವಳ ಮಾರ್ಗದರ್ಶಕರೂ ಕುಂದಾಪುರಕುಲತಿಲಕರೂ ಆದ ಐತಾಳ ಸರ್ ಆ ದಾರಿಯಾಗಿ ಬಂದು ನಕ್ಷೆ ನೋಡಿ ಹಣೆ ಚಚ್ಚಿಕೊಂಡರು.

"ಅಯ್ಯೋ, ಇದೆಲ್ಲ ಭರತದ್ ಕೆಲ್ಸ ಮರಾಯ್ತಿ! ಬೇಗ ಸರಿ ಮಾಡ್" ಎಂದವರೇ ಮೀಟಿಂಗಿಗೆ ಓಡಿದರು.

ಭರತ! ಪಕ್ಕದ ಮೇಜಿನ ಸಹಪಾಠಿ ಭರತ್ ಕುಂದರ್! ಅವನೇ ನಕ್ಷೆ ಕೆಡಿಸಿದನೆಂದು ತಿಳಿದದ್ದೇ ತಡ, ನೀಲಾಂಬಿಕೆಯ ಮೈಯೆಲ್ಲ ಉರಿದುಹೋಯಿತು. 'ಎಲವೋ ಮತ್ಸ್ಯಭೋಜನಪುಷ್ಟನೇ, ಪರನಕ್ಷಾಪಹಾರಿಯೇ, ನಿಲ್ಲು!' ಎಂದು ಗರ್ಜಿಸಬೇಕೆಂದುಕೊಂಡಳು. ಬಾಯಿಂದ ಬಂದದ್ದು ಬೇರೆ.

"ಏ ಭರತ್ಯಾ, ಎಲ್ಲಿ ಸತ್ತೀಯೋ? ನಾ ಗದಗಿನಾಕಿ! ಇವತ್ತ ನಿನ್ನ ಬಿಡೂದಿಲ್ಲ!"

ಶತ್ರು ಕುರ್ಚಿಯಲ್ಲಿರಲಿಲ್ಲ. ಅವನ ಕಂಪ್ಯೂಟರು ಮಾತ್ರ ಗುಂಯ್‌ಗುಡುತ್ತ ಏನನ್ನೋ ಲೆಕ್ಕ ಹಾಕುತ್ತಿತ್ತು. ರಣಚಂಡಿಯು ಮೇಜಿನಡಿ ನುಗ್ಗಿ, ತ್ರಿಶೂಲಸದೃಶವಾದ ಮೂರು ಪಿನ್ನಿನ ಪ್ಲಗ್ಗನ್ನು ಕಿತ್ತು ಎತ್ತಿ ಹಿಡಿದಳು. ಪರದೆ ಕಪ್ಪಾಯಿತು. ಆಗಲೇ ಭರತ್ ಬಿಸಿ ಬನ್ಸಿನ ಪೊಟ್ಟಣ ಹಿಡಿದು ಒಳಬಂದ. ಅವಳು ಪ್ಲಗ್ಗನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ಐತಾಳರ ಮಾತನ್ನು ಅವನ ಮುಖಕ್ಕೆ ಎಸೆದಳು.

ಭರತ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದು ನಾನಲ್ಲ ಮಾರಾಯ್ತಿ! ಸಮುದ್ರ ಏರಿ ಬರುದಕ್ಕೆ ನಮ್ಮಲ್ಲಿ ಭರತ ಅಂತ ಹೇಳುದು. ನಿನ್ನ ಹಳೇ ಪಟ ಇಳಿತದ ಹೊತ್ತಿಂದು, ಹೊಸ್ತು ಭರತದ ಹೊತ್ತಿಂದು. ದಂಡೆ ಎಲ್ಲಿಗೂ ಹೋಗ್ಲಿಲ್ಲ. ನೀರು ಇಳಿವಾಗ ವಾಪಸ್ ಕಾಣ್ತದೆ."

"ಅಂದ್ರ ಏನೂ ಮುಳುಗಿಲ್ಲ?"

"ಎಂತದೂ ಇಲ್ಲ. ನಿನ್ನೆಯೇ ನಂಗೆ ಡೌಟ್ ಬಂತು. ನಿನ್ನ ಕಂಪ್ಯೂಟರ್ ಹ್ಯಾಂಗ್ ಆಗ್ತದಲ್ಲ, ಹಾಗೆ ಇಳಿತದ ಪಟಗಳನ್ನೇ ಹೆಕ್ಕಿ ನಿನಗೋಸ್ಕರ ನನ್ನದ್ರಲ್ಲಿ ಓಡ್ಲಿಕ್ಕೆ ಹಾಕಿದೆ. ಸೆಮಿನಾರಿಗೆ ಸರಿಯಾಗಿ ಮುಗೀತದೆ. ಅರೆ, ಇದೆಂತ, ಆಫ್ ಆಗಿದೆ?"

ಸಮುದ್ರ ನುಂಗದ ದಂಡೆಯನ್ನು ತಾನೇ ನುಂಗಿದ ಆ ವೀರಾಂಗನೆಗೆ ಅಳು ಬಂತು. ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಮೆಲ್ಲಗೆ ಬಗ್ಗಿ ಪ್ಲಗ್ಗನ್ನು ಇದ್ದಲ್ಲಿಗೇ ಸಿಕ್ಕಿಸಿದಳು.

"ಕರೆಂಟ್ ಹೋಗಿತ್ತು ಕಾಣಸ್ತದ" ಎಂದಳು.

ಇಬ್ಬರ ತಲೆಯ ಮೇಲೂ ಫ್ಯಾನು ಗರಗರ ತಿರುಗುತ್ತಲೇ ಇತ್ತು.